ಚರ್ಮದ ಕೆಂಪಿನಿಂದ ಸೀವರ್ಟ್‌ವರೆಗೆ

ರೇಡಿಯಾಗ್ರಫಿ ಕಲಿಸುವ ಪುಸ್ತಕಗಳ ಮೊದಲ ಅಧ್ಯಾಯದಲ್ಲಿ ಒಂದು ಕೋಷ್ಟಕ ಇದ್ದೇ ಇರುತ್ತದೆ. ರಾಂಟ್‌ಜನ್, ರ‍್ಯಾಡ್, ಗ್ರೇ, ರೆಮ್, ಸೀವರ್ಟ್ ಎಂಬ ಮಾನಗಳು ಅಲ್ಲಿ ಸಾಲಾಗಿ ಕೂತಿರುತ್ತವೆ. 100 ರ‍್ಯಾಡ್ ಸೇರಿದರೆ 1 ಗ್ರೇ, 100 ರೆಮ್ ಸೇರಿದರೆ 1 ಸೀವರ್ಟ್ ಎಂದು ವಿದ್ಯಾರ್ಥಿಗಳು ಪರೀಕ್ಷೆಗೆ ಬಾಯಿಪಾಠ ಮಾಡಿಕೊಳ್ಳುತ್ತಾರೆ. ಎಲ್ಲವೂ ಒಂದೇ ದಿನ ಒಂದೇ ಮೇಜಿನ ಮೇಲೆ ತಯಾರಾದವೇನೋ ಎನ್ನುವಷ್ಟು ಅಚ್ಚುಕಟ್ಟಾಗಿ ಕಾಣುವ ಈ ಕೋಷ್ಟಕದ ಹಿಂದೆ ಎಂಬತ್ತಕ್ಕೂ ಹೆಚ್ಚು ವರ್ಷಗಳ ಇತಿಹಾಸವಿದೆ. ಆ ಇತಿಹಾಸವನ್ನು ಸಾಲುಸಾಲಾಗಿ ಓದಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ವಿಕಿರಣವನ್ನು ಅಳೆಯುವ ಮೊದಲ ಉಪಕರಣ ಮನುಷ್ಯನ ಚರ್ಮವೇ ಆಗಿತ್ತು, ಮತ್ತು ಆ ಕೆಲಸದಿಂದ ಚರ್ಮವನ್ನು ಬಿಡಿಸಲು ವಿಜ್ಞಾನಕ್ಕೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ಈ ತಡವನ್ನು ತಪ್ಪಿಸಲು ಸಾಧ್ಯವಿರಲಿಲ್ಲ ಎಂದು ಹಲವರು ಬರೆದಿದ್ದಾರೆ. ಅದರಲ್ಲಿ ಅರ್ಧ ಸತ್ಯ ಮಾತ್ರ ಇದೆ ಎಂಬುದು ನನ್ನ ವಾದ.

ಜರ್ಮನಿಯ ವೂರ್ಟ್ಸ್‌ಬರ್ಗ್‌ನಲ್ಲಿ ವಿಲ್ಹೆಲ್ಮ್ ಕಾನ್ರಾಡ್ ರಾಂಟ್‌ಜನ್ 1895ರ ನವೆಂಬರ್ 8ರಂದು ಹೊಸ ಕಿರಣವನ್ನು ಗುರುತಿಸಿ, ಡಿಸೆಂಬರ್ 28ರಂದು ತನ್ನ ಮೊದಲ ಪ್ರಬಂಧವನ್ನು ಪ್ರಕಟಣೆಗೆ ಕೊಟ್ಟ. ಆತ ಪೇಟೆಂಟ್ ಪಡೆಯಲಿಲ್ಲ. ಬೇಕಾದ ಸಾಮಾನು, ಅಂದರೆ ಗಾಳಿ ತೆಗೆದ ಗಾಜಿನ ಕೊಳವೆ, ಇಂಡಕ್ಷನ್ ಸುರುಳಿ ಮತ್ತು ಛಾಯಾಚಿತ್ರದ ಫಲಕ, ಯುರೋಪ್ ಅಮೆರಿಕಗಳ ಬಹುತೇಕ ಭೌತಶಾಸ್ತ್ರ ವಿಭಾಗಗಳಲ್ಲಿ ಮೊದಲೇ ಇದ್ದವು. ಹಾಗಾಗಿ 1896ರ ಜನವರಿ ಮುಗಿಯುವುದರೊಳಗೆ ನೂರಾರು ಕಡೆ ಜನ ತಮ್ಮ ಕೈಮೂಳೆಯ ಚಿತ್ರ ತೆಗೆಯುತ್ತಿದ್ದರು. ಎಷ್ಟು ಹೊತ್ತು ಕಿರಣಕ್ಕೆ ಒಡ್ಡಬೇಕು ಎಂಬ ಪ್ರಶ್ನೆಗೆ ಆಗ ಇದ್ದ ಉತ್ತರ ಒಂದೇ: ಚಿತ್ರ ಮೂಡುವಷ್ಟು ಹೊತ್ತು. ತಲೆಬುರುಡೆಯಂಥ ದಪ್ಪ ಭಾಗಕ್ಕೆ ಒಂದು ಗಂಟೆಯೂ ಹಿಡಿಯುತ್ತಿತ್ತು. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಭೌತಶಾಸ್ತ್ರಜ್ಞ ಜಾನ್ ಡೇನಿಯಲ್, ತಲೆಯೊಳಗೆ ಹೊಕ್ಕ ಗುಂಡನ್ನು ಹುಡುಕುವ ಮುಂಚೆ ಪ್ರಯೋಗ ಮಾಡಿ ನೋಡಬೇಕೆಂದಾಗ, ಅಲ್ಲಿನ ವೈದ್ಯಕೀಯ ಕಾಲೇಜಿನ ಡೀನ್ ವಿಲಿಯಂ ಡಡ್ಲಿ ತನ್ನ ತಲೆಯನ್ನೇ ಒಡ್ಡಿದ. ಒಂದು ಗಂಟೆ ಕಿರಣ ಹಾಯಿಸಲಾಯಿತು. ಇಪ್ಪತ್ತೊಂದು ದಿನಗಳ ನಂತರ, ಕೊಳವೆ ಹತ್ತಿರವಿದ್ದ ಜಾಗದಲ್ಲಿ ಆತನ ಕೂದಲು ಉದುರಿತು. ಇದು 1896ರಲ್ಲೇ ಅಚ್ಚಾದ ಸುದ್ದಿ. ಅದೇ ವರ್ಷ ಎಂಜಿನಿಯರ್ ಎಲಿಹು ಥಾಮ್ಸನ್, ಕಿರಣದಿಂದ ಸುಡುವುದು ನಿಜವೇ ಎಂದು ತಿಳಿಯಲು ಎಡಗೈಯ ಕಿರುಬೆರಳನ್ನು ಉದ್ದೇಶಪೂರ್ವಕವಾಗಿ ಕೊಳವೆಯ ಮುಂದೆ ಹಿಡಿದ. ಬೆರಳು ಊದಿ ಗುಳ್ಳೆಗಳು ಎದ್ದವು. ಆತ ಅದನ್ನು ಬರೆದು ಪ್ರಕಟಿಸಿದ.

ಆ ಕಾಲದ ಕೊಳವೆಗಳ ಸ್ವಭಾವವನ್ನು ಸ್ವಲ್ಪ ತಿಳಿದರೆ ಚರ್ಮ ಹೇಗೆ ಮಾಪಕವಾಯಿತು ಎಂಬುದು ಅರ್ಥವಾಗುತ್ತದೆ. ಕೊಳವೆಯಲ್ಲಿ ಉಳಿದಿರುತ್ತಿದ್ದ ಒಂದಿಷ್ಟು ಅನಿಲವೇ ಅದರ ಜೀವಾಳ. ಬಳಸುತ್ತ ಹೋದಂತೆ ಅನಿಲ ಕಡಿಮೆಯಾಗಿ, ಕೊಳವೆ 'ಗಡುಸು' ಆಗುತ್ತಿತ್ತು, ಅಂದರೆ ಅದರಿಂದ ಹೊರಡುವ ಕಿರಣ ಹೆಚ್ಚು ಆಳಕ್ಕೆ ಇಳಿಯುತ್ತಿತ್ತು. ಅನಿಲ ಹೆಚ್ಚಿದ್ದರೆ ಅದು 'ಮೃದು' ಕೊಳವೆ. ನಿನ್ನೆಯ ಕೊಳವೆ ಇಂದು ಹಾಗೆಯೇ ಇರುತ್ತದೆ ಎನ್ನುವ ಭರವಸೆ ಇರಲಿಲ್ಲ. ಆದ್ದರಿಂದ ಪ್ರತಿದಿನ ಕೆಲಸ ಶುರು ಮಾಡುವ ಮೊದಲು ಯಂತ್ರ ನಡೆಸುವವನು ತನ್ನ ಅಂಗೈಯನ್ನು ಕೊಳವೆಗೂ ಹೊಳೆಯುವ ಪರದೆಗೂ ನಡುವೆ ಹಿಡಿಯುತ್ತಿದ್ದ. ಮೂಳೆ ಕಪ್ಪಗೆ, ಮಾಂಸ ತೆಳ್ಳಗೆ ಕಂಡರೆ ಕೊಳವೆ ಸರಿಯಿದೆ. ವರ್ಷಗಟ್ಟಲೆ, ದಿನಕ್ಕೆ ಹಲವು ಸಲ, ಅದೇ ಕೈ. ಥಾಮಸ್ ಎಡಿಸನ್‌ನ ಪ್ರಯೋಗಾಲಯದಲ್ಲಿ ಪರದೆಗಳನ್ನು ಪರೀಕ್ಷಿಸುತ್ತಿದ್ದ ಕ್ಲಾರೆನ್ಸ್ ಡ್ಯಾಲಿಯ ಕೈಗಳಲ್ಲಿ ವಾಸಿಯಾಗದ ಹುಣ್ಣು ಎದ್ದು, ಅದು ಕ್ಯಾನ್ಸರ್ ಆಗಿ, ತೋಳುಗಳನ್ನು ಕತ್ತರಿಸಿದರೂ ಉಳಿಯದೆ 1904ರಲ್ಲಿ ಆತ ತೀರಿಕೊಂಡ. ಎಡಿಸನ್ ಎಕ್ಸ್‌ರೇ ಕೆಲಸವನ್ನೇ ಬಿಟ್ಟುಬಿಟ್ಟ. ಈಗಿನ ಟೆಕ್ನಿಷಿಯನ್‌ಗಳು ದಿನವೂ ಹೇಳುವ ಕೆವಿ, ಎಂಎಎಸ್ ಎಂಬ ಮಾತುಗಳಿಗೆ ಖಚಿತ ಅರ್ಥ ಬಂದದ್ದು 1913ರ ನಂತರ, ವಿಲಿಯಂ ಕೂಲಿಡ್ಜ್ ಕಾದ ಟಂಗ್‌ಸ್ಟನ್ ತಂತಿಯ ಕೊಳವೆಯನ್ನು ತಂದ ಮೇಲೆ. ಅದರಲ್ಲಿ ಕಿರಣದ ತೂರುವ ಶಕ್ತಿಯನ್ನು ವೋಲ್ಟೇಜ್‌ನಿಂದಲೂ, ಮೊತ್ತವನ್ನು ತಂತಿಯ ಕಾವು ನಿರ್ಧರಿಸುವ ಮಿಲಿಆಂಪಿಯರ್ ಮತ್ತು ಕಾಲದಿಂದಲೂ ಬೇರೆಬೇರೆಯಾಗಿ ಹೊಂದಿಸಬಹುದಾಗಿತ್ತು. ಕೈ ಹಿಡಿದು ನೋಡುವ ಅಗತ್ಯ ಅಲ್ಲಿಗೆ ತೀರಬೇಕಿತ್ತು. ಆದರೆ ಅಭ್ಯಾಸ ಯಂತ್ರದಷ್ಟು ಬೇಗ ಬದಲಾಗುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಆ ಜನರಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲದವರನ್ನು ಇಂದಿನ ತಿಳಿವಳಿಕೆಯಿಂದ ಅಳೆಯುವುದು ಅನ್ಯಾಯವಲ್ಲವೇ ಎಂದು. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಗಾಯ ಕಾಣಿಸಿಕೊಳ್ಳಲು ವಾರಗಳು, ಕ್ಯಾನ್ಸರ್‌ಗೆ ವರ್ಷಗಳು ಬೇಕಾಗುತ್ತಿದ್ದವು. ಕಾರಣ ಮತ್ತು ಪರಿಣಾಮ ಅಷ್ಟು ದೂರ ಇದ್ದಾಗ ಯಾರೇ ಆದರೂ ಎಡವುತ್ತಾರೆ. ಕೆಲವರು ಸುಟ್ಟಗಾಯಕ್ಕೆ ಕೊಳವೆಯ ಸುತ್ತಲಿನ ವಿದ್ಯುತ್ತನ್ನೇ ದೂರಿದರು. ಆದರೆ ಎಚ್ಚರಿಕೆ ಇರಲಿಲ್ಲ ಎನ್ನುವುದು ಮಾತ್ರ ಸುಳ್ಳು. ಬಾಸ್ಟನ್‌ನ ದಂತವೈದ್ಯ ವಿಲಿಯಂ ರೋಲಿನ್ಸ್ 1901ರಲ್ಲಿ ಗಿನಿಯಿಲಿಗಳನ್ನು ಕಿರಣಕ್ಕೆ ಒಡ್ಡಿ, ಚರ್ಮ ಸುಡದೆಯೇ ಅವು ಸತ್ತದ್ದನ್ನು ತೋರಿಸಿದ. ಕೊಳವೆಯನ್ನು ಕಿರಣ ಹಾಯದ ಪೆಟ್ಟಿಗೆಯಲ್ಲಿ ಮುಚ್ಚಿರಿ, ನೋಡುವವರು ಸೀಸದ ಗಾಜಿನ ಕನ್ನಡಕ ಹಾಕಿಕೊಳ್ಳಿ, ರೋಗಿಯ ಬೇಕಾದ ಭಾಗ ಬಿಟ್ಟು ಉಳಿದುದನ್ನು ಮರೆಮಾಡಿ ಎಂದು ವೈದ್ಯಕೀಯ ಪತ್ರಿಕೆಯಲ್ಲಿ ಬರೆದ. 1902ರಲ್ಲಿ ಪೆಟ್ಟಿಗೆ ಸಾಕಷ್ಟು ಭದ್ರವೇ ಎಂದು ನೋಡುವ ಒಂದು ಪರೀಕ್ಷೆಯನ್ನೂ ಸೂಚಿಸಿದ: ಹೊರಗೆ ಇಟ್ಟ ಛಾಯಾಫಲಕ ಏಳು ನಿಮಿಷದಲ್ಲಿ ಮಸುಕಾಗಬಾರದು. ಅದೇ ವರ್ಷ ಹ್ಯಾಂಬರ್ಗ್‌ನ ಫ್ರೀಬೆನ್ ಎಕ್ಸ್‌ರೇಯಿಂದಾದ ಚರ್ಮದ ಕ್ಯಾನ್ಸರನ್ನು ವರದಿ ಮಾಡಿದ. 1903ರಲ್ಲಿ ಅದೇ ಊರಿನ ಆಲ್ಬರ್ಸ್-ಶೋನ್‌ಬರ್ಗ್, ಕಿರಣಕ್ಕೆ ಒಡ್ಡಿದ ಪ್ರಾಣಿಗಳು ಸಂತಾನಹೀನವಾಗುವುದನ್ನು ಕಂಡ. ಅಳೆಯುವ ದಾರಿಯೂ ತೆರೆದಿತ್ತು. ಎಕ್ಸ್‌ರೇ ಹಾಯ್ದ ಗಾಳಿ ವಿದ್ಯುತ್ತನ್ನು ಹರಿಯಗೊಡುತ್ತದೆ ಎಂದು ಜೆ. ಜೆ. ಥಾಮ್ಸನ್ ಮತ್ತು ರುದರ್‌ಫರ್ಡ್ ಕೇಂಬ್ರಿಜ್‌ನಲ್ಲಿ 1896ರಲ್ಲೇ ತೋರಿಸಿದ್ದರು. ಆ ಗಾಳಿಯಲ್ಲಿ ಬಿಡುಗಡೆಯಾಗುವ ವಿದ್ಯುದಂಶವನ್ನೇ ಮಾನವಾಗಿ ಇಟ್ಟುಕೊಳ್ಳಿ ಎಂದು ಫ್ರಾನ್ಸಿನ ಪಾಲ್ ವಿಲ್ಲಾರ್ 1908ರಲ್ಲಿ ಹೇಳಿದ. ಜಗತ್ತು ಅದನ್ನು ಒಪ್ಪಿಕೊಂಡದ್ದು ಇಪ್ಪತ್ತು ವರ್ಷಗಳ ಬಳಿಕ. ತಿಳಿವಳಿಕೆ ಇದ್ದೂ ಅದು ಬಳಕೆಗೆ ಬಾರದಿದ್ದ ಈ ಇಪ್ಪತ್ತು ವರ್ಷಗಳನ್ನು ಅಜ್ಞಾನದ ಲೆಕ್ಕಕ್ಕೆ ಬರೆಯುವುದು ಇತಿಹಾಸಕ್ಕೆ ಮಾಡುವ ಅನ್ಯಾಯ.

ಬಳಕೆಗೆ ಏಕೆ ಬರಲಿಲ್ಲ? ನನ್ನ ಮಟ್ಟಿಗೆ ಮುಖ್ಯ ಕಾರಣ, ವೈದ್ಯರಿಗೆ ಬೇಕಾದ ಮಾಪನ ಅವರ ಕಣ್ಣೆದುರೇ ಇದ್ದದ್ದು. ಕೂದಲು ಉದುರುತ್ತದೆ ಎಂದು ತಿಳಿದ ಕೂಡಲೇ ಅದನ್ನು ಚಿಕಿತ್ಸೆಯಾಗಿ ತಿರುಗಿಸಲಾಯಿತು. ವಿಯೆನ್ನಾದ ಲಿಯೊಪೋಲ್ಡ್ ಫ್ರಾಯ್ಂಡ್ 1896ರ ಕೊನೆಯಲ್ಲೇ ಒಬ್ಬ ಬಾಲಕಿಯ ಬೆನ್ನಿನ ಕೂದಲು ತುಂಬಿದ ಮಚ್ಚೆಗೆ ಕಿರಣ ಕೊಟ್ಟ. ಪ್ಯಾರಿಸ್‌ನಲ್ಲಿ ಮಕ್ಕಳ ತಲೆಯ ಹುಳುಕಡ್ಡಿಗೆ ಎಕ್ಸ್‌ರೇ ಕೊಡುತ್ತಿದ್ದ ಸಬೂರೋ ಮತ್ತು ನ್ವಾರೆ 1904ರಲ್ಲಿ ಬೇರಿಯಂ ಪ್ಲಾಟಿನೋಸಯನೈಡ್‌ನ ಒಂದು ಪುಟ್ಟ ಬಿಲ್ಲೆಯನ್ನು ತಂದರು. ಕೊಳವೆಗೂ ಚರ್ಮಕ್ಕೂ ಸರಿಯಾಗಿ ನಡುದಾರಿಯಲ್ಲಿ ಅದನ್ನು ಇಡಬೇಕು. ಅದರ ಹಸಿರು ಬಣ್ಣ ಕಂದಾಗಿ ಒಂದು ಗೊತ್ತಾದ ಛಾಯೆಗೆ ಬಂದಾಗ ಯಂತ್ರ ನಿಲ್ಲಿಸಿದರೆ, ಕೂದಲು ಉದುರುತ್ತದೆ, ಮತ್ತೆ ಬೆಳೆಯುತ್ತದೆ. ಆ ವರ್ಷಗಳಲ್ಲೇ ಹೋಲ್ಟ್ಸ್‌ಕ್ನೆಕ್ಟ್, ಕೀನ್‌ಬೋಕ್ ಮೊದಲಾದವರೂ ಬಣ್ಣ ಬದಲಿಸುವ ಲವಣ, ಬೆಳ್ಳಿಯ ಕಾಗದಗಳ ತಮ್ಮತಮ್ಮ ಮಾಪಕಗಳನ್ನು ತಂದರು. ಈ ಬಿಲ್ಲೆ ಕಾಗದಗಳೆಲ್ಲ ನೋಡಲು ಉಪಕರಣಗಳೇ, ಆದರೆ ಅವನ್ನು ಹೊಂದಿಸಿದ್ದು ಚರ್ಮದ ಮೇಲೆ. ಬಿಲ್ಲೆಯ ಛಾಯೆ ಸರಿಯೋ ತಪ್ಪೋ ಎಂದು ತೀರ್ಮಾನಿಸುತ್ತಿದ್ದದ್ದು ಮಗುವಿನ ತಲೆ. 1920ರ ಹೊತ್ತಿಗೆ ಜರ್ಮನಿಯಲ್ಲಿ ಸೈಟ್ಸ್ ಮತ್ತು ವಿಂಟ್ಸ್ ಈ ರೂಢಿಗೆ ಶಾಸ್ತ್ರದ ರೂಪ ಕೊಟ್ಟರು: ಚರ್ಮವನ್ನು ಕೆಂಪಾಗಿಸಿ, ಕೆಲವು ವಾರಗಳಲ್ಲಿ ಕಂದಾಗಿಸುವ ಪ್ರಮಾಣವೇ ಒಂದು ಡೋಸ್. ಗರ್ಭಕೋಶದ ಕ್ಯಾನ್ಸರ್‌ಗೆ ಇದರ ಶೇಕಡಾ ಇಷ್ಟು, ಅಂಡಾಶಯಕ್ಕೆ ಇಷ್ಟು ಎಂದು ಲೆಕ್ಕ ನಡೆಯಿತು. ಯಾರ ಚರ್ಮ? ಬೆಳ್ಳನೆಯದೋ ಕಂದೋ, ಹೊಟ್ಟೆಯದೋ ಬೆನ್ನಿನದೋ? ಕೆಂಪಾಯಿತು ಎಂದು ಹೇಳುವವರು ಯಾರು? 1920ರ ದಶಕದ ನಡುವಿನಲ್ಲಿ ಗ್ರೇಬೆ ಮತ್ತು ಮಾರ್ಟಿಯಸ್ ಜರ್ಮನಿಯ ಆಸ್ಪತ್ರೆಗಳನ್ನು ಸುತ್ತಿ, ಅವು ಒಂದೇ ಹೆಸರಿನಲ್ಲಿ ಕೊಡುತ್ತಿದ್ದ ಈ ಡೋಸನ್ನು ಭೌತಿಕ ಉಪಕರಣದಿಂದ ಅಳೆದಾಗ ಒಂದು ಆಸ್ಪತ್ರೆಗೂ ಇನ್ನೊಂದಕ್ಕೂ ಹಲವು ಪಟ್ಟು ವ್ಯತ್ಯಾಸ ಕಂಡುಬಂತು. ಒಂದೇ ಕಾಯಿಲೆಯ ಇಬ್ಬರು ಹೆಂಗಸರು ಎರಡು ಊರುಗಳಲ್ಲಿ 'ಪೂರ್ಣ ಡೋಸ್' ಪಡೆದರೆ, ಅವರಿಗೆ ಸಿಕ್ಕದ್ದು ಒಂದೇ ಚಿಕಿತ್ಸೆ ಅಲ್ಲವೇ ಅಲ್ಲ.

ಭೌತಶಾಸ್ತ್ರಜ್ಞರ ಪರವಾಗಿಯೂ ಒಂದು ಮಾತು ಹೇಳಬೇಕು. ಗಾಳಿಯ ಅಯಾನೀಕರಣವನ್ನು ಅಳೆಯುವುದು ಕೇಳಿದಷ್ಟು ಸುಲಭವಲ್ಲ. ಅಳೆಯುವ ಪೆಟ್ಟಿಗೆಯ ಗೋಡೆಯಿಂದಲೇ ಎಲೆಕ್ಟ್ರಾನುಗಳು ಹೊರಟು ಲೆಕ್ಕ ಕೆಡಿಸುತ್ತವೆ. ಕಿರಣ ಗಡುಸಾದಷ್ಟೂ ದೊಡ್ಡ ಪೆಟ್ಟಿಗೆ ಬೇಕು. ಈ ತೊಡಕುಗಳನ್ನು ಬಿಡಿಸಿ, 1925ರಲ್ಲಿ ಲಂಡನ್‌ನಲ್ಲಿ ಸೇರಿದ ಮೊದಲ ಅಂತರರಾಷ್ಟ್ರೀಯ ರೇಡಿಯಾಲಜಿ ಸಮ್ಮೇಳನ ಮಾನದ ಸಮಿತಿಯೊಂದನ್ನು ಮಾಡಿತು. 1928ರಲ್ಲಿ ಸ್ಟಾಕ್‌ಹೋಮ್‌ನ ಎರಡನೆಯ ಸಮ್ಮೇಳನ 'ರಾಂಟ್‌ಜನ್' ಅನ್ನು ಒಪ್ಪಿತು: ಶೂನ್ಯ ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸಾಮಾನ್ಯ ಒತ್ತಡದಲ್ಲಿರುವ ಒಂದು ಘನ ಸೆಂಟಿಮೀಟರ್ ಗಾಳಿಯಲ್ಲಿ ಒಂದು ಸ್ಥಿರವಿದ್ಯುತ್ ಮಾನದಷ್ಟು ವಿದ್ಯುದಂಶ ಉಂಟುಮಾಡುವ ಕಿರಣ. ವಿಲ್ಲಾರ್ ಹೇಳಿದ್ದೇ ಅದು. ಎಕ್ಸ್‌ರೇ ಹುಟ್ಟಿದ ಮೂವತ್ತಮೂರನೆಯ ವರ್ಷದಲ್ಲಿ ಮನುಷ್ಯರ ಮೈಯನ್ನು ಬಿಟ್ಟು ಗಾಳಿಯನ್ನು ಸಾಕ್ಷಿಗೆ ಕರೆಯಲಾಯಿತು. ಅದೇ ಸ್ಟಾಕ್‌ಹೋಮ್‌ನಲ್ಲಿ ರಕ್ಷಣೆಯ ಸಮಿತಿಯೂ ಹುಟ್ಟಿತು, ಈಗ ಅದು ಐಸಿಆರ್‌ಪಿ ಎಂದು ಹೆಸರಾಗಿದೆ.

ಆದರೂ ಚರ್ಮ ಲೆಕ್ಕದಿಂದ ಹೋಗಲಿಲ್ಲ. ಕೆಲಸಗಾರರು ಎಷ್ಟು ಕಿರಣ ತಾಳಬಹುದು ಎಂಬ ಪ್ರಶ್ನೆಗೆ ಆರ್ಥರ್ ಮುಶೆಲರ್ 1925ರಲ್ಲಿ ಪ್ರಕಟಿಸಿದ ಉತ್ತರ, ಚರ್ಮ ಕೆಂಪಾಗಿಸುವ ಡೋಸಿನ ನೂರನೆಯ ಒಂದು ಪಾಲು, ತಿಂಗಳಿಗೆ. ಚೆನ್ನಾಗಿ ಮರೆಮಾಡಿದ ಕೆಲವು ಎಕ್ಸ್‌ರೇ ಕೋಣೆಗಳಲ್ಲಿ ಕಣ್ಣಿಗೆ ಕಾಣುವ ಗಾಯವಿಲ್ಲದ ಕೆಲಸಗಾರರನ್ನು ನೋಡಿ ಆತ ಈ ಅಂದಾಜಿಗೆ ಬಂದಿದ್ದ. ಕೆಂಪು ಡೋಸನ್ನು ಸುಮಾರು 600 ರಾಂಟ್‌ಜನ್ ಎಂದು ಹಿಡಿದು, ಅದೇ ಜಾಡಿನಲ್ಲಿ 1934ರಲ್ಲಿ ದಿನಕ್ಕೆ 0.2 ರಾಂಟ್‌ಜನ್ ಎಂಬ ಅಂತರರಾಷ್ಟ್ರೀಯ ಮಿತಿ ಬಂತು. ಈಗಿನ ಲೆಕ್ಕಕ್ಕೆ ತಿರುಗಿಸಿದರೆ ವರ್ಷಕ್ಕೆ 500 ಮಿಲಿಸೀವರ್ಟ್‌ಗೂ ಹೆಚ್ಚು, ಇಂದಿನ ಮಿತಿಯ ಸುಮಾರು 25ರಿಂದ 30 ಪಟ್ಟು. ಮಾನ ಗಾಳಿಯದ್ದು, ಮಿತಿ ಚರ್ಮದ್ದು. ಈ ಮಿತಿಯ ಹೆಸರಾದ 'ತಾಳಿಕೆಯ ಡೋಸ್' ಎಂಬುದರೊಳಗೇ ಒಂದು ನಂಬಿಕೆ ಅಡಗಿತ್ತು: ಕೆಂಪಾಗದಿದ್ದರೆ ಕೆಡುಕಾಗಿಲ್ಲ. ಅದನ್ನು ಮುರಿಯುವ ಸಾಕ್ಷ್ಯ ಆಗಲೇ ಬಂದಿತ್ತು. 1927ರಲ್ಲಿ ಹರ್ಮನ್ ಮುಲ್ಲರ್ ಹಣ್ಣುನೊಣಗಳಲ್ಲಿ ಎಕ್ಸ್‌ರೇ ವಂಶವಾಹಿಗಳನ್ನೇ ಬದಲಿಸುವುದನ್ನು ತೋರಿಸಿದ. 1940ರ ದಶಕದಲ್ಲಿ ಅಮೆರಿಕದ ರೇಡಿಯಾಲಜಿಸ್ಟರಲ್ಲಿ ಇತರ ವೈದ್ಯರಿಗಿಂತ ಹಲವು ಪಟ್ಟು ಹೆಚ್ಚು ಜನ ರಕ್ತದ ಕ್ಯಾನ್ಸರ್‌ನಿಂದ ಸಾಯುತ್ತಿದ್ದಾರೆ ಎಂದು ಮರಣಪಟ್ಟಿಗಳು ಹೇಳಿದವು. ಅವರಲ್ಲಿ ಅನೇಕರ ಕೈಚರ್ಮ ಚೆನ್ನಾಗಿಯೇ ಇದ್ದಿರಬೇಕು.

ಗಾಳಿಯ ಮಾನಕ್ಕೂ ಒಂದು ಕೊರತೆ ಇತ್ತು. ಸುರಿದ ಮಳೆ ಬೇರೆ, ನೆಲ ಹೀರಿದ ನೀರು ಬೇರೆ. ಒಂದೇ ಮಳೆ ಎರೆಭೂಮಿಗೂ ಕೆಂಪು ನೆಲಕ್ಕೂ ಹಾಸುಬಂಡೆಗೂ ಬಿದ್ದರೆ, ಒಳಗೆ ಇಳಿಯುವ ನೀರು ಒಂದೇ ಆಗಿರುವುದಿಲ್ಲ. ರಾಂಟ್‌ಜನ್ ಹೇಳುತ್ತಿದ್ದದ್ದು ಮಳೆಯ ಲೆಕ್ಕ. ಸಾಮಾನ್ಯ ಎಕ್ಸ್‌ರೇಯ ಶಕ್ತಿಯಲ್ಲಿ, ಮೂಳೆಯಲ್ಲಿ ಕ್ಯಾಲ್ಸಿಯಂ, ರಂಜಕದಂಥ ಭಾರದ ಧಾತುಗಳಿರುವುದರಿಂದ, ಅದು ಮಾಂಸಕ್ಕಿಂತ ಹಲವು ಪಟ್ಟು ಹೆಚ್ಚು ಶಕ್ತಿಯನ್ನು ಹೀರುತ್ತದೆ. ಚಿತ್ರದಲ್ಲಿ ಮೂಳೆ ಬೆಳ್ಳಗೆ ಕಾಣುವುದಕ್ಕೂ ಅದಕ್ಕೆ ಹೆಚ್ಚು ಡೋಸ್ ಸೇರುವುದಕ್ಕೂ ಕಾರಣ ಒಂದೇ. ಇಂಗ್ಲೆಂಡಿನ ಲೂಯಿಸ್ ಹೆರಾಲ್ಡ್ ಗ್ರೇ, 1930ರ ದಶಕದಲ್ಲಿ, ಒಂದು ವಸ್ತುವಿನೊಳಗಿನ ಪುಟ್ಟ ಗಾಳಿಗುಳ್ಳೆಯ ಅಯಾನೀಕರಣದಿಂದ ಆ ವಸ್ತು ಹೀರಿದ ಶಕ್ತಿಯನ್ನು ಲೆಕ್ಕ ಹಾಕುವ ವಿಧಾನವನ್ನು ಗಟ್ಟಿಗೊಳಿಸಿದ. ಆ ದಾರಿಯಲ್ಲಿ 1953ರಲ್ಲಿ ಒಂದು ಗ್ರಾಂ ವಸ್ತುವಿಗೆ 100 ಅರ್ಗ್ ಎಂಬ ರ‍್ಯಾಡ್ ಬಂತು. 1975ರಲ್ಲಿ ಒಂದು ಕಿಲೋಗ್ರಾಂಗೆ ಒಂದು ಜೂಲ್ ಎಂಬ ಗ್ರೇ ಬಂತು. ಶಕ್ತಿಯ ಲೆಕ್ಕದಲ್ಲಿ ಇದು ಎಷ್ಟು ಸಣ್ಣದೆಂದರೆ, ಇಡೀ ದೇಹಕ್ಕೆ ಒಮ್ಮೆಗೇ ಬಿದ್ದರೆ ಕೊಲ್ಲಬಲ್ಲ 5 ಗ್ರೇ, ಮೈಯ ಬಿಸಿಯನ್ನು ಒಂದು ಡಿಗ್ರಿಯ ಸಾವಿರದ ಎರಡು ಪಾಲಿನಷ್ಟೂ ಏರಿಸುವುದಿಲ್ಲ. ಶಾಖಮಾಪಕಕ್ಕೆ ಸಿಗದ, ಚರ್ಮಕ್ಕೂ ತಡವಾಗಿ ತಿಳಿಯುವ ಹಾನಿ ಇದು.

ಇನ್ನೂ ಒಂದು ಮೆಟ್ಟಿಲು ಉಳಿದಿತ್ತು. ಒಂದು ಗ್ರೇ ಎಕ್ಸ್‌ರೇಗಿಂತ ಒಂದು ಗ್ರೇ ಆಲ್ಫಾ ಕಣ ಜೀವಕೋಶಕ್ಕೆ ಹೆಚ್ಚು ಕೆಡುಕು ಮಾಡುತ್ತದೆ. ಕೈಬೆರಳಿಗೆ ಬಿದ್ದ ಡೋಸಿಗಿಂತ ಅಸ್ಥಿಮಜ್ಜೆಗೆ ಬಿದ್ದದ್ದು ಅಪಾಯಕರ. ಅಣುಬಾಂಬ್ ತಯಾರಿಯ ಕಾಲದಲ್ಲಿ ಹರ್ಬರ್ಟ್ ಪಾರ್ಕರ್ ರೂಪಿಸಿದ ರೆಮ್, ಅದರ ಉತ್ತರಾಧಿಕಾರಿಯಾಗಿ 1979ರಲ್ಲಿ ಬಂದ ಸೀವರ್ಟ್, ಈ ವ್ಯತ್ಯಾಸಗಳನ್ನು ಒಂದೇ ಸಂಖ್ಯೆಗೆ ಇಳಿಸುವ ಪ್ರಯತ್ನಗಳು. ಹಿರೋಶಿಮಾ ನಾಗಸಾಕಿಗಳಲ್ಲಿ ಬದುಕುಳಿದವರನ್ನು ದಶಕಗಳ ಕಾಲ ಗಮನಿಸಿ ಸಿಕ್ಕ ಕ್ಯಾನ್ಸರ್ ಲೆಕ್ಕವೇ ಇದಕ್ಕೆ ದೊಡ್ಡ ಆಧಾರ. ಅಂದರೆ ಅತ್ಯಂತ ಸೂಕ್ಷ್ಮವಾದ ಈ ಮಾನವನ್ನೂ ಕೊನೆಗೆ ಹೊಂದಿಸಿದ್ದು ನೊಂದ ಮನುಷ್ಯರ ಮೈಯ ಮೇಲೆಯೇ. ಪ್ರತಿ ಅಂಗಕ್ಕೂ ಐಸಿಆರ್‌ಪಿ ಒಂದು ತೂಕ ಕೊಟ್ಟಿದೆ. ಸ್ತನಕ್ಕೆ 1977ರಲ್ಲಿ 0.15 ಇದ್ದದ್ದು 1990ರಲ್ಲಿ 0.05ಕ್ಕೆ ಇಳಿದು, 2007ರಲ್ಲಿ 0.12ಕ್ಕೆ ಏರಿತು. ಜನನಗ್ರಂಥಿಗಳ ತೂಕ 0.25ರಿಂದ 0.20ಕ್ಕೆ, ಅಲ್ಲಿಂದ 0.08ಕ್ಕೆ ಇಳಿಯಿತು. ಒಂದೇ ಯಂತ್ರದಲ್ಲಿ ಒಂದೇ ರೀತಿ ತೆಗೆದ ಮ್ಯಾಮೊಗ್ರಾಮ್‌ನ ಗ್ರೇ ಈ ಮೂರು ಕಾಲದಲ್ಲೂ ಒಂದೇ. ಸೀವರ್ಟ್ ಮಾತ್ರ ಮೂರು ಬಗೆ.

ಹಾಗಾದರೆ ಸೀವರ್ಟ್ ಒಂದು ಸಮಿತಿಯ ಅಭಿಪ್ರಾಯವಷ್ಟೇ, ಅದನ್ನು ನಂಬುವುದು ಹೇಗೆ ಎಂದು ಕೇಳುವವರಿದ್ದಾರೆ. ತೀರ ಕಡಿಮೆ ಡೋಸಿನಲ್ಲೂ ಅಪಾಯ ಅದೇ ಅನುಪಾತದಲ್ಲಿ ಇರುತ್ತದೆ ಎಂಬ ಊಹೆಯನ್ನು ಒಪ್ಪದ ವಿಜ್ಞಾನಿಗಳೂ ಇದ್ದಾರೆ. ಅವರ ವಾದ ಪೂರ್ತಿ ತಳ್ಳಿಹಾಕುವಂಥದ್ದಲ್ಲ. ಒಂದು ಎದೆಯ ಎಕ್ಸ್‌ರೇಯ 0.1 ಮಿಲಿಸೀವರ್ಟ್‌ಗಿಂತಲೂ ಕಡಿಮೆ ಡೋಸಿನಿಂದ ಒಬ್ಬ ವ್ಯಕ್ತಿಗೆ ಏನಾಗುತ್ತದೆ ಎಂದು ಯಾವ ಅಧ್ಯಯನವೂ ಬೆರಳಿಟ್ಟು ತೋರಿಸಲಾರದು. ನೆಲ, ಗಾಳಿ, ಆಕಾಶಗಳಿಂದ ಸಹಜವಾಗಿಯೇ ಜಗತ್ತಿನ ಜನರಿಗೆ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್ ಸೇರುತ್ತದೆ. ಆದರೆ ತಿದ್ದಿಕೊಳ್ಳುವ ಮಾನವೇ ನಂಬಿಕೆಗೆ ಯೋಗ್ಯ ಎಂದು ಈ ಇತಿಹಾಸ ಓದಿದ ಮೇಲೆ ನನಗೆ ಅನಿಸುತ್ತದೆ. ಚರ್ಮದ ಕೆಂಪು ಎಂದೂ ತನ್ನನ್ನು ತಿದ್ದಿಕೊಳ್ಳಲಿಲ್ಲ. ಸುಮ್ಮನೆ ಮುಂದಿನ ಕೈಗೆ ದಾಟಿತು. ಐಸಿಆರ್‌ಪಿ ಕಣ್ಣಿನ ಮಸೂರದ ಮಿತಿಯನ್ನು 2011ರಲ್ಲಿ ವರ್ಷಕ್ಕೆ 150ರಿಂದ ಸರಾಸರಿ 20 ಮಿಲಿಸೀವರ್ಟ್‌ಗೆ ಇಳಿಸಿದ್ದು, ಹಿಂದೆ ತಿಳಿದದ್ದಕ್ಕಿಂತ ಕಡಿಮೆ ಡೋಸಿನಲ್ಲೇ ಪೊರೆ ಬರುತ್ತದೆ ಎಂಬ ಪುರಾವೆ ಸಿಕ್ಕಿದ್ದಕ್ಕೆ. ಕ್ಯಾತ್‌ಲ್ಯಾಬ್‌ಗಳಲ್ಲಿ ಗಂಟೆಗಟ್ಟಲೆ ನಿಲ್ಲುವ ಹೃದಯವೈದ್ಯರಿಗೂ ನರ್ಸ್‌ಗಳಿಗೂ ಅದು ನೇರವಾಗಿ ಅನ್ವಯಿಸುತ್ತದೆ.

ಹ್ಯಾಂಬರ್ಗ್‌ನ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ 1936ರಲ್ಲಿ ನಿಲ್ಲಿಸಿದ ಸ್ಮಾರಕವೊಂದಿದೆ. ಎಕ್ಸ್‌ರೇ, ರೇಡಿಯಂ ಕೆಲಸದಲ್ಲಿ ಸತ್ತ 169 ಜನರ ಹೆಸರು ಮೊದಲಿಗೆ ಅದರ ಮೇಲೆ ಇತ್ತು. ನಂತರದ ಪಟ್ಟಿಗಳಲ್ಲಿ ಸಂಖ್ಯೆ ಮುನ್ನೂರೈವತ್ತನ್ನು ದಾಟಿತು. ಅವರನ್ನು ಹುತಾತ್ಮರೆಂದು ಗೌರವಿಸುವುದು ಸರಿ. ಆದರೆ ತ್ಯಾಗ ಎಂಬ ಮಾತು, ಅಚ್ಚಾದ ಎಚ್ಚರಿಕೆಯನ್ನು ಓದಿಯೂ ಕೊಳವೆ ಮುಚ್ಚುವ ಪೆಟ್ಟಿಗೆ ಕೊಳ್ಳದೆ ಹೋದ ಆಸ್ಪತ್ರೆಗಳ ಹೊಣೆಯನ್ನು ಮರೆಸಬಾರದು. ಆ ಪಟ್ಟಿಯಲ್ಲಿ ರೋಗಿಗಳ ಹೆಸರಿಲ್ಲ.

ಭಾರತದಲ್ಲಿ 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ವಿಕಿರಣದ ಕೆಲಸಗಾರರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷ 30ನ್ನು ಮೀರದಂತೆ, ಮಿತಿ ಇಟ್ಟಿದೆ. ಎದೆಗೆ ಸಿಕ್ಕಿಸುವ ಟಿಎಲ್‌ಡಿ ಬ್ಯಾಡ್ಜಿನಲ್ಲಿ ಕ್ಯಾಲ್ಸಿಯಂ ಸಲ್ಫೇಟಿನ ಬಿಲ್ಲೆಗಳಿರುತ್ತವೆ. ಅವನ್ನು ಕಾಯಿಸಿದಾಗ, ಮೂರು ತಿಂಗಳಲ್ಲಿ ಬಿದ್ದ ಡೋಸಿಗೆ ತಕ್ಕಷ್ಟು ಬೆಳಕನ್ನು ಅವು ಸೂಸುತ್ತವೆ. ಮೈಯ ಬದಲು ಸಾಕ್ಷಿ ಹೇಳಲೆಂದೇ ಮಾಡಿದ ವಸ್ತು ಅದು. ರೋಗಿಗಳಿಗೆ ಇಂಥ ಮಿತಿ ಇಲ್ಲ, ಏಕೆಂದರೆ ಅವರಿಗೆ ಬೇಕಾದ ಡೋಸನ್ನು ವೈದ್ಯರ ವಿವೇಚನೆಗೆ ಬಿಡಲಾಗಿದೆ. ಹೊಟ್ಟೆಯ ಒಂದು ಸಿ.ಟಿ. ಸ್ಕ್ಯಾನ್ ಸುಮಾರು 8ರಿಂದ 10 ಮಿಲಿಸೀವರ್ಟ್ ಕೊಡುತ್ತದೆ. ಆದ್ದರಿಂದ ಬೆಂಗಳೂರಿನ ದೊಡ್ಡ ಆಸ್ಪತ್ರೆಯಾಗಲಿ, ತಾಲ್ಲೂಕು ಕೇಂದ್ರದ ಸ್ಕ್ಯಾನಿಂಗ್ ಸೆಂಟರ್ ಆಗಲಿ, ನಡೆಸುವವರಲ್ಲಿ ಒಂದು ಕೋರಿಕೆ: ಎಕ್ಸ್‌ರೇ ಕೋಣೆಯಲ್ಲಿ ದುಡಿಯುವ ಪ್ರತಿಯೊಬ್ಬರಿಗೂ ಬ್ಯಾಡ್ಜ್ ಕೊಡಿಸಿ, ಅದು ಡ್ರಾಯರಿನಲ್ಲಲ್ಲ, ಎದೆಯ ಮೇಲೆ ಇರುವಂತೆ ನೋಡಿಕೊಳ್ಳಿ. ಓದುಗರಲ್ಲಿ ಇನ್ನೊಂದು: ಸಿ.ಟಿ.ಗೆ ಚೀಟಿ ಬರೆದಾಗ ಇದು ಈಗ ಬೇಕೇ ಎಂದು ಕೇಳಿ, ಹಿಂದಿನ ಸ್ಕ್ಯಾನ್‌ಗಳ ವರದಿಯನ್ನು ಜೊತೆಗೆ ಒಯ್ಯಿರಿ, ಗರ್ಭಿಣಿಯಾಗಿರುವ ಸಾಧ್ಯತೆ ಇದ್ದರೆ ಕೋಣೆಗೆ ಹೋಗುವ ಮೊದಲೇ ತಿಳಿಸಿ.